ಕವಾಟ ಕೇಳುವ ಹಲ್ಲಿನ ಡಾಕ್ಟರು

ಈ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತವರು ಬಾಯಿ ತೆರೆಯುವ ಮೊದಲು ಎದೆಯ ಜಾತಕ ಬಿಚ್ಚಬೇಕು. “ಹೃದಯದ ಕವಾಟ ಬದಲಾಯಿಸಿದ್ದಾರಾ?” ಎಂದು ಮೂರು ಸಲ ಕೇಳುತ್ತಾರೆ, ಹಾಲುಹಲ್ಲು ಕೀಳಿಸಲು ಬಂದ ಮಗುವನ್ನೂ ಬಿಡುವುದಿಲ್ಲ. “ಹಲ್ಲಿಗೂ ಹೃದಯಕ್ಕೂ ಏನ್ ಸಂಬಂಧ ಡಾಕ್ಟ್ರೇ?” ಎಂದು ಯಾರಾದರೂ ನಕ್ಕರೆ, “ಇದೆ ಕಣಮ್ಮ. ಹಲ್ಲು ಕಿತ್ತಾಗ ಬಾಯಲ್ಲಿರೋ ಕ್ರಿಮಿ ರಕ್ತಕ್ಕಿಳಿದು ಕವಾಟದಲ್ಲಿ ಮನೆ ಮಾಡುತ್ತೆ. ಕೃತಕ ಕವಾಟ ಇರೋರು ಒಂದು ಗಂಟೆ ಮುಂಚೆನೇ ಮಾತ್ರೆ ನುಂಗಿರ್ಬೇಕು,” ಎನ್ನುತ್ತಾರೆ. ಎದುರಂಗಡಿಯವನಂತೂ ಅವರನ್ನು ಕಂಡೊಡನೆ “ಕವಾಟ ಗಟ್ಟಿಯಾಗಿದೆ ಸಾರ್!” ಎಂದು ಕೂಗುತ್ತಾನೆ. ಮೊದಲು ಅವರು ಹೀಗಿರಲಿಲ್ಲ. ತಮ್ಮ ಸ್ವಂತ ಅಕ್ಕನಿಗೆ ಕೃತಕ ಕವಾಟ ಹಾಕಿದಾಗ ಆಸ್ಪತ್ರೆಯಲ್ಲಿ ಕಾದು ಕೂತವರೇ ಅವರು. ಆದರೂ ಒಂದು ಭಾನುವಾರ ಅವಳನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಹರಟುತ್ತಲೇ ಹಲ್ಲು ಕಿತ್ತುಬಿಟ್ಟಿದ್ದರು. ಒಡಹುಟ್ಟಿದವಳನ್ನು ಕೇಳುವುದೇನಿದೆ ಎಂದು ಕೇಳಲೂ ಇಲ್ಲ, ಮಾತ್ರೆ ಕೊಡಲೂ ಇಲ್ಲ. ತಿಂಗಳೊಳಗೆ ಅಕ್ಕ ಬಿಡದ ಜ್ವರದಲ್ಲಿ ಆಸ್ಪತ್ರೆ ಸೇರಿದಳು. “ಈಚೆಗೆ ಹಲ್ಲು ಕೀಳಿಸಿದ್ರಾ?” ಎಂದು ಅಲ್ಲಿನವರು ಕೇಳಿದಾಗ, “ಇಲ್ಲಪ್ಪ, ತಾನಾಗೇ ಬಿತ್ತು,” ಎಂದಳು. ಪಕ್ಕದಲ್ಲೇ ನಿಂತಿದ್ದ ಡಾಕ್ಟರು ಹೌದೆಂದು ತಲೆಯಾಡಿಸಿದರು.