ಸ್ನಾನವಾಗುವವರೆಗೆ ಹೇಳದ ಹೆಸರು

ನಮ್ಮ ಕಡೆಯವರ ಪ್ರೀತಿಯೇ ಒಂದು ಕಾಟ. ಎಂಟು ವರ್ಷದ ಮಗಳಿಗೆ ನನ್ನದೊಂದು ಕಿಡ್ನಿ ಜೋಡಿಸಿ, ಗುರುವಾಯನಕೆರೆಯ ಮನೆಗೆ ಕರೆತಂದು ಐದು ತಿಂಗಳಾಗಿತ್ತು. ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಿರಲಿ ಎಂದು ಕೊಡುವ ಮಾತ್ರೆಗಳು ಸೋಂಕಿನೊಂದಿಗೆ ಹೋರಾಡುವ ಶಕ್ತಿಯನ್ನೇ ಕುಗ್ಗಿಸುತ್ತವೆ. ಬೇರೆ ಮಕ್ಕಳು ನಾಲ್ಕು ದಿನ ಮಲಗಿ ಏಳುವ ಕಾಯಿಲೆ ಇವಳ ಜೀವಕ್ಕೇ ಕುತ್ತಾಗಬಹುದು. ಇದನ್ನು ಎಷ್ಟು ಸಲ ಹೇಳಿದರೂ ನೆಂಟರು ಸೀಯಾಳ, ಮೂಸಂಬಿ ಹಿಡಿದು ಬರುತ್ತಲೇ ಇದ್ದರು. ಯಾರೂ ಒಳಗೆ ಬರಬೇಡಿ ಎಂದು ಗೇಟಿಗೆ ಬೋರ್ಡು ಹಾಕಿದೆ. ಅದನ್ನು ಓದಿ, "ಇದು ಹೊರಗಿನವರಿಗೆ ಅಲ್ವಾ?" ಎನ್ನುತ್ತಾ ಒಳಗೆ ಬಂದರು.

ಕಕ್ಕಿಂಜೆಯಲ್ಲಿರುವ ನನ್ನ ಗಂಡನ ಚಿಕ್ಕಮ್ಮ ಒಂದು ಭಾನುವಾರ ತಾವು ಪುಳ್ಳಿ ಎನ್ನುವ ಮೊಮ್ಮಗಳನ್ನೂ ಕರೆದುಕೊಂಡು ಬಂದರು. ಹುಡುಗಿಯ ಮುಖ ಬಾಡಿತ್ತು. ಕೇಳಿದೆ. "ಎಂತದೂ ಇಲ್ಲ ಮಾರಾಯ್ತಿ, ಬಸ್ಸಲ್ಲಿ ರಶ್ಶು" ಎಂದರು. ನಾನು ನಂಬಿದೆ. ನನ್ನ ಮೇಲೆಯೇ ನನಗೆ ಸಿಟ್ಟಿರುವುದು ಅದಕ್ಕೆ. ಮಕ್ಕಳಿಬ್ಬರೂ ಸಂಜೆಯವರೆಗೆ ಒಂದೇ ಚಾಪೆಯ ಮೇಲೆ ಚೆನ್ನೆಮಣೆ ಆಡಿದರು.

ಹನ್ನೆರಡು ದಿನ ಕಳೆದು ಚಿಕ್ಕಮ್ಮನ ಫೋನು ಬಂತು. ಬಹಳ ಖುಷಿಯಲ್ಲಿದ್ದರು.

"ನಿನ್ನೆ ಪುಳ್ಳಿಯನ್ನು ಕಹಿಬೇವು ಹಾಕಿ ಮೀಯಿಸಿ ಆಯ್ತು."

"ಕಹಿಬೇವು ಎಂತಕ್ಕೆ?"

"ಮೈಯಲ್ಲಿ ಎದ್ದಿತ್ತಲ್ಲ, ನಿಮ್ಮಲ್ಲಿಂದ ಬಂದ ಮರುದಿನವೇ. ಈಗ ಎಲ್ಲ ಇಳಿಯಿತು."

ಚಿಕನ್‌ಪಾಕ್ಸ್! ಚಿಕ್ಕಮ್ಮನ ಮನೆಯಲ್ಲಿ ಸ್ನಾನವಾಗುವವರೆಗೆ ಅದರ ಹೆಸರೆತ್ತುವ ಹಾಗಿಲ್ಲ, ಬೇರೆ ಮನೆಗೆ ಸುದ್ದಿ ಕೊಡುವ ಹಾಗೂ ಇಲ್ಲ. ಅಂಥ ಮಕ್ಕಳ ಜೊತೆ ಇದ್ದದ್ದು ಮೂರು ನಾಲ್ಕು ದಿನದೊಳಗೆ ತಿಳಿದರೆ ಮಗಳಿಗೆ ರಕ್ಷಣೆಯ ಇಂಜೆಕ್ಷನ್ ಕೊಡಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆ ದಿನಗಳು ಎಂದೋ ಮುಗಿದಿದ್ದವು.

"ಒಂದು ಫೋನು ಮಾಡ್ಲಿಕ್ಕೆ ಎಂತ ಆಗಿತ್ತು ನಿಮಗೆ?" ಎಂದು ಕಿರುಚಿದೆ.

"ದೇವಿಯ ವಿಷಯ. ಬಾಯಿ ಬಿಡ್ಲಿಕ್ಕೆ ಉಂಟಾ?" ಎಂದು ನನಗೇ ಬುದ್ಧಿ ಹೇಳಿದರು.

ಎರಡೇ ದಿನಕ್ಕೆ ಮಗಳಿಗೆ ಜ್ವರ, ಹೊಟ್ಟೆಯ ಮೇಲೆ ನೀರುಗುಳ್ಳೆ. ಮಂಗಳೂರಿನ ಆಸ್ಪತ್ರೆ ಸೇರುವಷ್ಟರಲ್ಲಿ ವೈರಸ್ಸು ಶ್ವಾಸಕೋಶಕ್ಕೂ ಇಳಿದಿತ್ತು. ಅವಳನ್ನು ಉಳಿಸಲು ಕಿಡ್ನಿ ಕಾಯುವ ಮಾತ್ರೆಗಳನ್ನೇ ಕಡಿಮೆ ಮಾಡಬೇಕಾಯಿತು. ಮಗು ಉಳಿದರೂ ಕಿಡ್ನಿ ಹೋಗಬಹುದು ಎಂದರು. ಹೊರಗೆ ನೋಡಿದರೆ ಐದಾರು ಮಂದಿ ನೆಂಟರು, ಕೈಯಲ್ಲಿ ಗಂಜಿಯ ಫ್ಲಾಸ್ಕು! ಬಾಯಿಗೆ ಬಂದ ಹಾಗೆ ಬೈದು ಎಲ್ಲರನ್ನೂ ಅಟ್ಟಿದೆ.

ಕಿಡ್ನಿ ಹೇಗೋ ಉಳಿಯಿತು. ಆದರೆ ಅದು ಗೊತ್ತಾಗುವುದಕ್ಕಿಂತ ಮೊದಲು, ಜ್ವರ ಇಳಿದ ದಿನ, ಚಿಕ್ಕಮ್ಮನ ಫೋನು ಬಂದಿತ್ತು. ನಾನು ಮುಟ್ಟಲಿಲ್ಲ. ಮಗಳೇ ಎತ್ತಿ ಸ್ಪೀಕರಿಗೆ ಹಾಕಿದಳು.

"ಅಜ್ಜಿ, ನನಗೆ ಚಿಕನ್‌ಪಾಕ್ಸ್ ಬಂದಿದೆ."

"ಶ್! ಹಾಗೆಲ್ಲ ಹೆಸರು ಹೇಳ್ಬಾರ್ದು ಮಗಾ."

"ಹೇಳ್ಬೇಕು ಅಜ್ಜಿ. ಇದು ಹಾಳಾದ್ರೆ ಅಮ್ಮನ ಹತ್ರ ಕೊಡ್ಲಿಕ್ಕೆ ಇನ್ನೊಂದು ಕಿಡ್ನಿ ಇಲ್ಲ."

ಚಿಕ್ಕಮ್ಮ ಮೆಲ್ಲಗೆ, ತಡವರಿಸುತ್ತಾ ಹೇಳಿದರು:

"ಇಲ್ಲಿ ಪಕ್ಕದ ಮನೆಯ ಮಗುವಿಗೂ ಚಿಕನ್‌ಪಾಕ್ಸ್ ಉಂಟು ಮಗಾ. ನಾನು ನಿನ್ನನ್ನು ನೋಡ್ಲಿಕ್ಕೆ ಬರುದಿಲ್ಲ."

ಬಾರದೆ ಇರುವುದು ಅವರಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಆ ಹೆಸರನ್ನು ಆ ಭಾನುವಾರದ ಮರುದಿನವೇ ಹೇಳಬಹುದಿತ್ತು.