ನಾಳಿನ ಸಭೆಯ ನಡಾವಳಿ

ಎಲ್ಲರೂ ಅವಳನ್ನು ಟೈಪಿಸ್ಟಕ್ಕ ಎಂದೇ ಕರೆಯುತ್ತಿದ್ದರು. ಶಾಲಾ ಮಂಡಳಿಯ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಸಭೆಯ ನಡಾವಳಿ ಟೈಪು ಮಾಡಿದವಳು. ಒಂದಕ್ಷರ ತಪ್ಪಿದರೂ ಇಡೀ ಹಾಳೆ ಹರಿದೆಸೆದು ಮತ್ತೆ ಕೂರುವ ಹಟದವಳು.

ಆ ಕಚೇರಿಗೊಂದು ಕೆಟ್ಟ ರೂಢಿಯಿತ್ತು. ಸಭೆಯ ಹಿಂದಿನ ದಿನವೇ ನಡಾವಳಿ ತಯಾರು. ಮಂಡಳಿಯವರು ಬಂದು, ಚಹಾ ಕುಡಿದು, ಸಹಿ ಎಳೆದು ಹೋಗುವುದು. ಪೋಷಕರಿಗೆ ಹಿಂದಿನ ಬೆಂಚು; ಅವರು ಬಾಯಿ ತೆರೆಯುವಷ್ಟರಲ್ಲಿ ವಂದನಾರ್ಪಣೆ. ಪೋಷಕರ ಪರವಾಗಿ ವೇದಿಕೆ ಕಟ್ಟಿಕೊಂಡು ಗೇಟಿನ ಮುಂದೆ ಕೂತು ಗಂಟಲು ಹರಿದುಕೊಂಡ ನಮಗೂ ಒಳಗಿನ ಈ ಕಸುಬು ಗೊತ್ತಿರಲಿಲ್ಲ. ಅವಳಿಗೆ ಅದು ಸುಳ್ಳೆನಿಸಿರಲಿಲ್ಲ, ಕೆಲಸ ಎನಿಸಿತ್ತು.

ಆ ಬುಧವಾರ ಎರಡು ಹಾಳೆ ಟೈಪು ಮಾಡಿದಳು. ಒಂದು, ನಾಳೆ ಸಭೆಗೆ ಬನ್ನಿ ಎಂಬ ಸೂಚನೆ. ಇನ್ನೊಂದು, ಆ ಸಭೆಯ ನಡಾವಳಿ: ಕೆಳಬೀದಿಯ ಶಾಲೆ ಮುಚ್ಚಿ ಮಕ್ಕಳನ್ನು ಹೆದ್ದಾರಿಯಾಚೆಯ ಶಾಲೆಗೆ ಸೇರಿಸುವುದು, ಪೋಷಕರನ್ನು ಕೇಳಲಾಯಿತು, ಯಾರೂ ಆಕ್ಷೇಪಿಸಲಿಲ್ಲ. ಅವಳ ತಂಗಿಯ ಮಗಳು ಓದುವುದು ಅದೇ ಶಾಲೆಯಲ್ಲಿ. ಬೆಳಗಿನಿಂದ ಮನಸ್ಸು ನೆಟ್ಟಗಿರಲಿಲ್ಲ. ಬಾಗಿಲ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಸೂಚನೆಯ ಬದಲು ನಡಾವಳಿ ಅಂಟಿಸಿ, ಬೀಗ ಹಾಕಿ, ಊಟಕ್ಕೆ ಹೋದಳು.

ವಾಪಸು ಬಂದಾಗ ಪೆಟ್ಟಿಗೆಯ ಮುಂದೆ ಗುಂಪು. ಇಸ್ತ್ರಿ ಅಂಗಡಿಯವನು ಗಟ್ಟಿಯಾಗಿ ಓದುತ್ತಿದ್ದ.

“ಕೇಳ್ರಪ್ಪೋ! ನಾಳೆ ಹನ್ನೊಂದು ಗಂಟೆಗೆ ನಾವೆಲ್ಲ ಒಪ್ಕೊಂಡ್ಬಿಟ್ಟಿದೀವಿ. ನಾಳೆ ಹಾಕೋ ಅಂಗಿ ಇನ್ನೂ ಇಸ್ತ್ರಿನೇ ಆಗಿಲ್ಲ, ಆಗ್ಲೇ ಒಪ್ಪಿಗೆ ಕೊಟ್ಟಾಯ್ತು!”

“ವಂದನೆ ಹೇಳಿದ್ಯಾರು ನೋಡಣ್ಣ,” ಎಂದಳು ತರಕಾರಿಯವಳು. “ನಾನೇ ಇದ್ರೂ ಇರ್ಬಹುದು.”

ಮಂಡಳಿಯ ಅಧ್ಯಕ್ಷರು ಟೈಪಿಸ್ಟಕ್ಕನನ್ನು ಒಳಗೆ ಕರೆಸಿ ಬಾಗಿಲು ಹಾಕಿಸಿದರು. “ನೋಡಮ್ಮ, ನಾಳೆ ಸಭೇಲಿ ಎದ್ದು ಟೈಪಿಂಗ್ ತಪ್ಪು ಅಂತ ಹೇಳ್ಬಿಡು. ಇಲ್ಲಾಂದ್ರೆ ಈ ಕುರ್ಚಿ ಮರೆತ್ಬಿಡು.”

ಮನೆಯಲ್ಲಿ ಅವಳು ಒಂದೇ ಬಟ್ಟೆಯನ್ನು ಮೂರು ಸಲ ಮಡಿಸಿದಳು. ಬಾಗಿಲಿಗೆ ಹೋದಳು, ಬಂದಳು. ಟೈಲರ್ ಗಂಡ ಹೊಲಿಗೆ ಯಂತ್ರ ನಿಲ್ಲಿಸಿದ.

“ಏನೇ, ಕಾಲಿಗೆ ಚಕ್ರ ಕಟ್ಕೊಂಡಿದೀಯಾ? ಒಂದ್ಮಾತು ಹೇಳಿದ್ರೆ ಮುಗೀತಲ್ಲ.”

“ನನ್ನ ಟೈಪಿಂಗ್‌ನಲ್ಲಿ ತಪ್ಪೆಲ್ಲಿದೆ ರೀ?”

“ಅಯ್ಯೋ, ಕುರ್ಚಿ ಹೋಗ್ತಿದೆ, ಇವಳಿಗೆ ಅಕ್ಷರದ ಚಿಂತೆ!”

ಮಾರನೆಯ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಧ್ಯಕ್ಷರು ನಗುನಗುತ್ತಲೇ ಅವಳತ್ತ ಕೈ ತೋರಿಸಿದರು. ಅವಳು ಎದ್ದಳು. ಕೈ ಸೆರಗನ್ನು ಸುರುಳಿ ಸುತ್ತುತ್ತಿತ್ತು.

“ಟೈಪಿಂಗ್ ತಪ್ಪಲ್ಲ ಸಾರ್. ಪ್ರತಿ ಸಲಾನೂ ಹಿಂದಿನ ದಿನಾನೇ ಬರೀತೀನಿ. ನೀವು ಹೇಳಿದ್ದನ್ನೇ ಬರೀತೀನಿ. ಈ ಸಲ ಹಾಳೆ ಅದಲುಬದಲಾಯ್ತು, ಅಷ್ಟೇ.”

ನಾನು ಚಪ್ಪಾಳೆಗೆ ಕಾದೆ. ಬರಲಿಲ್ಲ. ತರಕಾರಿಯವಳು ಎದ್ದು ನಿಂತಳು.

“ಹಂಗಾದ್ರೆ ಹಿಂದೆ ಮಕ್ಕಳ ಆಟದ ಬಯಲು ಯಾರಿಗೋ ಕೊಟ್ಬಿಟ್ರಲ್ಲ, ಅದನ್ನೂ ನೀನೇ ಬರೆದಿದ್ದಾ?”

“ಹೂಂ.”

“ನಾವು ಒಪ್ಪಿದ್ವಿ ಅಂತ?”

“ಹೂಂ.”

ಹಿಂದಿನ ಬೆಂಚಿನಿಂದ ಟೈಪಿಸ್ಟಕ್ಕನ ತಂಗಿ, ತನ್ನ ಮಗಳ ಕೈ ಹಿಡಿದುಕೊಂಡು, ಎದ್ದು ಹೊರಗೆ ನಡೆದಳು. ಆಮೇಲೆ ಗದ್ದಲ. ಯಾರೂ ಸಹಿ ಹಾಕುವ ಧೈರ್ಯ ಮಾಡಲಿಲ್ಲ. ಶಾಲೆ ಮುಚ್ಚುವ ಮಾತು ಮುಂದಕ್ಕೆ ಹೋಯಿತು. ಸೋಮವಾರ ಅವಳ ಕೆಲಸವೂ ಹೋಯಿತು.

ಸನ್ಮಾನಕ್ಕೆಂದು ಅವಳನ್ನು ನಮ್ಮ ವೇದಿಕೆಗೆ ಕರೆಯಲು ಹೋದೆವು. “ಸುಳ್ಳು ಬರೆದವಳಿಗೆ ಹಾರ ಹಾಕ್ತೀರಾ? ನಾಚಿಕೆ ಇಲ್ವಾ ನಿಮ್ಗೆ?” ಎಂದು ಬೈದು ಕಳಿಸಿದಳು. ಬೈಸಿಕೊಳ್ಳಬೇಕಾದ್ದೇ.

ಈಗ ದಿನಾ ಮಧ್ಯಾಹ್ನ ಕೆಳಬೀದಿಯ ಮನೆಮನೆಗೂ ಹೋಗಿ, ಆ ಮನೆಯವರು ಇಷ್ಟು ವರ್ಷ ಏನೇನಕ್ಕೆಲ್ಲ ಒಪ್ಪಿದ್ದರೆಂದು ತಾನು ಬರೆದಿದ್ದಳೋ ಅದನ್ನು ನೆನಪಿನಿಂದ ಒಪ್ಪಿಸುತ್ತಾಳೆ. ಕೆಲವರು ನೀರು ಕೊಡುತ್ತಾರೆ, ಕೆಲವರು ಮುಖದ ಮೇಲೆ ಬಾಗಿಲು ಹಾಕುತ್ತಾರೆ. ತಂಗಿಯ ಮನೆ ಬೀದಿಯ ಕೊನೆಗಿದೆ. ಅಲ್ಲಿಗಿನ್ನೂ ಹೋಗಿಲ್ಲ.