ಜಾಜ್ ಗಾದಿಲಿಂಗಪ್ಪ

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ ದುರುಗಪ್ಪನ ಮಗ ಗಾದಿಲಿಂಗಪ್ಪನ ಕೈ ಸುಮ್ಮನಿದ್ದ ದಿನವೇ ಇಲ್ಲ. ಎಣ್ಣೆ ಡಬ್ಬಿ, ಬಾಗಿಲು, ಉಣ್ಣುವ ತಾಟು, ಸಿಕ್ಕಿದ್ದನ್ನೆಲ್ಲ ಬಡಿಯುತ್ತಿದ್ದ. ಎಪ್ಪತ್ತೆರಡನೇ ಇಸವಿಯಲ್ಲಿ ಹೊಸಪೇಟೆಯ ಮೈಕ್ ಸೆಟ್ ಅಂಗಡಿಯೊಂದರಲ್ಲಿ ಇಂಗ್ಲಿಷಿನ ರಾಕ್ ರೆಕಾರ್ಡು ಕೇಳಿ ಬಂದ ಮೇಲಂತೂ ಅವನ ತಲೆಯೇ ಕೆಟ್ಟಿತು. ಹಾಡುವವನು ಏನು ಅರಚುತ್ತಿದ್ದನೋ ಒಂದಕ್ಷರ ತಿಳಿಯಲಿಲ್ಲ. ಹಿಂದೆ ಕೂತು ಬಾರಿಸುವವನು ಮಾತ್ರ ಪೂರ್ತಿ ತಿಳಿದ.

ಗೆಳೆಯ ಶಫೀಸಾಬ ದರ್ಜಿ, ಕಂಠ ಛಲೋ ಇತ್ತು. ಇಬ್ಬರೂ ಸೇರಿ ಆರ್ಕೆಸ್ಟ್ರಾ ಕಟ್ಟಿದರು. ಹುಬ್ಬಳ್ಳಿಯಲ್ಲಿ ಮುಚ್ಚಿಹೋದ ಬ್ಯಾಂಡಿನವರಿಂದ ಹಳೆಯ ಡ್ರಮ್ ಸೆಟ್ ತಂದರು. ನಮ್ಮ ಕಡೆ ಜನ ಅದನ್ನು ಜಾಜ್ ಅನ್ನುತ್ತಿದ್ದರು, ಹಾಗಾಗಿ ಇವನು ಜಾಜ್ ಗಾದಿಲಿಂಗಪ್ಪನಾದ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಎಲ್ಲೇ ಮದುವೆಯಾಗಲಿ, ಗಣಪತಿ ಕೂಡಲಿ, ಇವರಿಗೇ ಕರೆ. ಹಗಲು ಅಪ್ಪ ದುಡಿದ ಗಿರಣಿಯಲ್ಲೇ ಮೂಟೆ ಹೊರುವವನು ಸಂಜೆ ಕೆಂಪು ಅಂಗಿ ತೊಟ್ಟು ಸ್ಟೂಲಿನ ಮೇಲೆ ಕೂತರೆ, ಬೆಳಿಗ್ಗೆ 'ಏ ಹಮಾಲಿ' ಎಂದು ಕೂಗಿದ ಸಾಹುಕಾರನೇ ಬಂದು ಬೆನ್ನು ತಟ್ಟುತ್ತಿದ್ದ. ಆ ಸ್ಟೂಲು ಬಿಟ್ಟರೆ ತನಗೆ ಮನುಷ್ಯನೆನ್ನಿಸಿಕೊಳ್ಳುವ ಜಾಗ ಇನ್ನೊಂದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಎಪ್ಪತ್ತೆಂಟರ ಹೊತ್ತಿಗೆ ಕಿವಿ ಮಂದವಾಯಿತು. ಹಗಲೆಲ್ಲ ಗಿರಣಿಯ ಸದ್ದು, ಸಂಜೆ ಡ್ರಮ್ಮು, ಪಕ್ಕದಲ್ಲೇ ಆಳೆತ್ತರದ ಸ್ಪೀಕರು. ಕಿವಿಯಾದರೂ ಎಷ್ಟು ತಾಳೀತು? ಬಾರಿಸುವುದು ಬಿಡು ಎಂದು ಡಾಕ್ಟರು ಹೇಳಿದರು. ಇವನು ಡಾಕ್ಟರನ್ನೇ ಬಿಟ್ಟ. ಮನೆಯಲ್ಲೂ ಎರಡು ವರ್ಷ ಗುಟ್ಟು ರಟ್ಟಾಗಲಿಲ್ಲ. ಹೆಂಡತಿಯ ಮಾತು ಕೇಳಿಸಿಕೊಳ್ಳದ ಗಂಡ ಯಾವ ಊರಲ್ಲಿಲ್ಲ? ಯಂಕವ್ವನಿಗೆ ಅನುಮಾನವೇ ಬರಲಿಲ್ಲ.

ಮೊದಲು ಗೊತ್ತಾದದ್ದು ಶಫೀಸಾಬನಿಗೆ. ಅವನು ಗೆಳೆಯನ ಕಿವಿಗೆ ಬಾಯಿಟ್ಟು ಹೇಳಿದ: "ಕಿವಿ ಹೋದ್ರ ಹೋಗ್ಲಿ, ಕಣ್ಣು ಅದಾವಲ್ಲ. ನಾ ಕೈ ಎತ್ತಿದ್ನೆಂದ್ರ ಸುರು ಮಾಡು. ಮುಷ್ಟಿ ಹಿಡದ್ರ ನಿಲ್ಲಸು. ಯಾರಿಗೂ ಹೇಳಬ್ಯಾಡ."

ಅಂದಿನಿಂದ ಗಾದಿಲಿಂಗಪ್ಪ ಬರಿಗಾಲಲ್ಲಿ ಕೂತ. ಶಫೀಸಾಬ ಹಾಡುತ್ತ ಹಿಮ್ಮಡಿಯಿಂದ ವೇದಿಕೆಯ ಹಲಗೆ ಕುಟ್ಟುತ್ತಿದ್ದ, ಆ ಅದುರು ಇವನ ಅಂಗಾಲಿಗೆ ಮುಟ್ಟುತ್ತಿತ್ತು. ಜನರ ಮಾತನ್ನು ತುಟಿ ನೋಡಿ ತಿಳಿಯುವುದನ್ನೂ ಕಲಿತ. ಹೀಗೆ ಏಳು ವರ್ಷ ನಡೆಯಿತು. ಯಂಕವ್ವನಿಗೂ ಕಡೆಗೆ ತಿಳಿಯಿತು, ಅವಳೂ ಬಾಯಿ ಬಿಡಲಿಲ್ಲ.

ಎಂಬತ್ತೈದರ ಬೇಸಿಗೆಯಲ್ಲಿ ಶಫೀಸಾಬ ಕಾಮಾಲೆಯಿಂದ ಹೋದ. ಹದಿನೈದು ದಿನದ ಜಡ್ಡು, ಅಷ್ಟೇ. ಗಾದಿಲಿಂಗಪ್ಪನ ಕಿವಿ ಅವತ್ತು ಎರಡನೇ ಸಲ ಹೋಯಿತು.

ಆ ವರ್ಷದ ಗಣಪತಿಗೆ ಯಲಬುರ್ಗಾದವರು ಮತ್ತೆ ಕರೆದರು. ಹಾಡಲು ಬಂದವನು ಕುಷ್ಟಗಿಯ ಅಂದಪ್ಪ ಮಾಸ್ತರ. "ಸುರು ಮಾಡೂ ಮುಂದ ಕೈ ಎತ್ರಿ ಸರ, ನಮ್ಮದು ಹಂಗ ರೂಢಿ," ಎಂದು ಗಾದಿಲಿಂಗಪ್ಪ ಮೊದಲೇ ಹೇಳಿಟ್ಟ. ಯಾಕೆಂದು ಹೇಳಲಿಲ್ಲ. ಹೇಳಿದ್ದರೆ ಸ್ಟೂಲು ಹೋಗುತ್ತಿತ್ತು.

ಸಂಜೆ ಏಳಕ್ಕೆ ಅಂದಪ್ಪ ಮೈಕಿನ ಮುಂದೆ ನಿಂತ. ಇವನಿಗೆ ಕಂಡದ್ದು ಅವನ ಬೆನ್ನು ಮಾತ್ರ. ಅಂದಪ್ಪ ಏನೋ ಹೇಳುತ್ತ ಕೈ ಎತ್ತಿದ. ಜನ ಎದ್ದರು. ಮೊದಲ ಹಾಡಿಗೆ ಜನ ಏಳುವುದು ಹೊಸದಲ್ಲ. ಗಾದಿಲಿಂಗಪ್ಪ ಕಡ್ಡಿ ಎತ್ತಿ ಶುರು ಮಾಡಿದ. ಬಹಳ ದಿನಗಳ ಮೇಲೆ ಕೂತಿದ್ದನಲ್ಲ, ಗೆಳೆಯನ ಹೆಸರು ಉಳಿಯಬೇಕೆಂದು ಮೈ ಮರೆತು ಬಾರಿಸಿದ. ಉಳಿದವರು ಯಾಕೆ ಇನ್ನೂ ಕೂಡಿಕೊಳ್ಳಲಿಲ್ಲ ಎಂದು ತಲೆ ಎತ್ತಿದಾಗ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಮುಂದಿನ ಸಾಲಿನಲ್ಲಿ ಶಫೀಸಾಬನ ತಾಯಿ ಹಜರತಬೀ ನಿಂತಿದ್ದಳು. ಪಂಚರು ಅವಳನ್ನು ಕರೆಸಿದ್ದೇ ಮಗನಿಗಾಗಿ ಎರಡು ನಿಮಿಷ ಮೌನ ನಿಲ್ಲಲು. ಅಂದಪ್ಪ ಕೈ ಎತ್ತಿದ್ದೂ ಅದಕ್ಕೇ.

ಯಾರೂ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. "ಕುಡದಾನ" ಎಂದು ತುಟಿಗಳು ಆಡಿದ್ದು ಅವನಿಗೆ ಕಂಡಿತು. ಜನ್ಮದಲ್ಲಿ ಹೆಂಡ ಮುಟ್ಟದವನನ್ನು ಇಬ್ಬರು ಹಿಡಿದು ಕೆಳಗಿಳಿಸಿದರು. ಮತ್ತೆ ಅವನು ಆ ಸ್ಟೂಲು ಹತ್ತಲಿಲ್ಲ.

ಮರುದಿನ ಯಂಕವ್ವನನ್ನು ಕರೆದುಕೊಂಡು ಹಜರತಬೀಯ ಮನೆಗೆ ಹೋದ. ಹೊಸ್ತಿಲಲ್ಲೇ ಕೂತು, ಏಳು ವರ್ಷ ಮುಚ್ಚಿಟ್ಟದ್ದನ್ನು ಮೊದಲ ಬಾರಿ ಬಾಯಿಬಿಟ್ಟು ಹೇಳಿದ. "ಅಮ್ಮಾ, ನನಗ ಕಿವಿ ಕೇಳಸಂಗಿಲ್ಲ. ಮೌನ ಅಂತ ಗೊತ್ತಾಗಲಿಲ್ಲ. ತಪ್ಪಾತು."

ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮಾತಾಡತೊಡಗಿದಳು. ಬಹಳ ಹೊತ್ತು ಮಾತಾಡಿದಳು. ಸೆರಗಿನ ಹಿಂದೆ ತುಟಿ ಕಾಣಲಿಲ್ಲ. ಸೆರಗು ತೆಗಿ ಎಂದು ಮಗ ಸತ್ತ ತಾಯಿಗೆ ಯಾವ ಬಾಯಿಂದ ಹೇಳುವುದು? ಅವನು ತಲೆ ಬಗ್ಗಿಸಿ ಹೂಂಗುಟ್ಟಿದ.

ದಾರಿಯಲ್ಲಿ ಯಂಕವ್ವನ ಮುಖ ತನ್ನ ಕಡೆ ತಿರುಗಿಸಿಕೊಂಡು ಕೇಳಿದ: "ಏನಂದ್ರು?"

"ಹೋಗ್ಲಿ ಬಿಡಪ್ಪಾ ಅಂದ್ರು," ಎಂದು ಅವಳು ತುಟಿ ಅಗಲಿಸಿ ಹೇಳಿದಳು.

ಅಷ್ಟು ಹೊತ್ತಿನ ಮಾತು ಇಷ್ಟೇ ಇರಲಾರದು. ಅವನು ವಾರಕ್ಕೊಮ್ಮೆಯಾದರೂ ಕೇಳಿದ, ಅವಳದು ಪ್ರತಿ ಸಲ ಅದೇ ಉತ್ತರ. ಎಂಬತ್ತೇಳರಲ್ಲಿ ಹಜರತಬೀ ತೀರಿಕೊಂಡಾಗ ಗಾದಿಲಿಂಗಪ್ಪ ಖಬರಸ್ತಾನದವರೆಗೂ ನಡೆದುಕೊಂಡು ಹೋದ. ಕ್ಷಮೆ ಪಡೆದವನಾಗಿ ಹೋಗುತ್ತಿದ್ದಾನೋ, ಶಾಪ ಹೊತ್ತವನಾಗಿಯೋ, ಅವನಿಗೆ ತಿಳಿದಿರಲಿಲ್ಲ.